ಟೇಪಿರ್ ಬೆನ್ನುಹತ್ತಿ: ಆಗ್ನೇಯ ಏಷ್ಯಾದ ವಿಚಿತ್ರ ಪ್ರಾಣಿಗಳ ಅಂಚೆಚೀಟಿ, ಚಿತ್ರಕಾರ್ಡು ಕೂಡಿಡುವ ಕ್ರಮ

ಉತ್ತರ ಬೋರ್ನಿಯೊ 1909ರಲ್ಲಿ ಹೊರಡಿಸಿದ ಒಂದು ಸೆಂಟಿನ ಅಂಚೆಚೀಟಿಯಲ್ಲಿ ಟೇಪಿರ್ ನಿಂತಿದೆ. ಟೇಪಿರ್ ಎಂದರೆ ತಲೆ, ಕಾಲುಗಳು ಕಪ್ಪಾಗಿದ್ದು, ಬೆನ್ನಿನ ಮೇಲೆ ಯಾರೋ ಬಿಳಿ ಪಂಚೆ ಹೊದಿಸಿದಂತೆ ಕಾಣುವ ಪ್ರಾಣಿ. ಮೂತಿಯಂತೂ ಆನೆಯ ಸೊಂಡಿಲಾಗಲು ಹೊರಟು ಅರ್ಧದಲ್ಲೇ ಮನಸ್ಸು ಬದಲಿಸಿದ ಹಾಗಿದೆ. ಚೀಟಿಯ ಕೆತ್ತನೆ ಹದವಾಗಿದೆ, ಬಣ್ಣದ ಚೌಕಟ್ಟಿನೊಳಗೆ ಕಪ್ಪು ಚಿತ್ರ ಚೆನ್ನಾಗಿ ಕೂತಿದೆ. ಒಂದೇ ತೊಡಕು, ಬೋರ್ನಿಯೊದ ಕಾಡಿನಲ್ಲಿ ಟೇಪಿರ್ ಇಲ್ಲ. ಅದೇ ದ್ವೀಪದ ನಿಯಾ ಗುಹೆಗಳಲ್ಲಿ ಅದರ ಹಳೆಯ ಎಲುಬುಗಳು ಸಿಕ್ಕಿವೆ, ಅಂದರೆ ಎಂದೋ ಒಂದು ಕಾಲದಲ್ಲಿ ಅಲ್ಲಿಯೂ ಇತ್ತು. ಜೀವಂತ ಟೇಪಿರ್ ಬೇಕೆಂದರೆ ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಥಾಯ್ಲೆಂಡ್, ಮ್ಯಾನ್ಮಾರ್ ಕಡೆಗೇ ಹೋಗಬೇಕು. ಅದೇ ಮಾಲೆಯಲ್ಲಿ ನ್ಯೂಗಿನಿಯ ಕ್ಯಾಸೊವರಿ ಹಕ್ಕಿಯೂ ಇದೆ. ಚಿತ್ರ ಆರಿಸಿದವರಿಗೆ ಭೂಗೋಳಕ್ಕಿಂತ ಅಂದದ ಮೇಲೆ ಒಲವು ಹೆಚ್ಚಿದ್ದಿರಬೇಕು.

ನನ್ನನ್ನು ಈ ಹವ್ಯಾಸದಲ್ಲಿ ಕಟ್ಟಿಹಾಕಿದ್ದು ಆ ತಪ್ಪೇ. ಅಲ್ಲಿಂದಾಚೆಗೆ ಪ್ರತಿ ಚೀಟಿಯನ್ನೂ ಸಾಕ್ಷಿಯ ಹೇಳಿಕೆಯ ಹಾಗೆ ಓದುವ ಚಟ ಅಂಟಿತು. ಈ ಪ್ರಾಣಿಯನ್ನು ಬರೆದವರು ಅದನ್ನು ಕಂಡಿದ್ದರೇ? ಎಲ್ಲಿ ಕಂಡಿದ್ದರು? ಕಾಡಿನಲ್ಲೋ, ಮೃಗಾಲಯದಲ್ಲೋ, ವಸ್ತುಸಂಗ್ರಹಾಲಯದ ಹುಲ್ಲು ತುಂಬಿದ ಚರ್ಮದಲ್ಲೋ? ಹುಲಿ, ಆನೆಗಳ ಚೀಟಿಗಳಲ್ಲಿ ಈ ಪ್ರಶ್ನೆ ಏಳುವುದು ಕಡಿಮೆ, ಏಕೆಂದರೆ ಅವುಗಳನ್ನು ಎಲ್ಲರೂ ಬಲ್ಲರು. ಟೇಪಿರ್, ಕೊಲುಗೊ, ಸಾವೊಲಾ, ಟಾರ್ಸಿಯರ್‌ಗಳಲ್ಲಿ ಅದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಇಂಥ ಸಂಗ್ರಹವನ್ನು ಹೊಸದಾಗಿ ಶುರುಮಾಡುವವರಿಗಾಗಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಬೇಲಿ ಹಾಕಿಕೊಳ್ಳಿ

‘ಆಗ್ನೇಯ ಏಷ್ಯಾದ ಸಸ್ತನಿಗಳು’ ಎಂಬ ವಿಷಯವೇ ಒಂದು ಸಮುದ್ರ. ಹಾಗೆಯೇ ಧುಮುಕಿದರೆ ಮೂರು ತಿಂಗಳಲ್ಲಿ ನಿಮ್ಮ ಆಲ್ಬಮ್ಮಿನಲ್ಲಿ ಐವತ್ತು ಆನೆಗಳೂ ಮೂವತ್ತು ಹುಲಿಗಳೂ ಇರುತ್ತವೆ, ಟೇಪಿರ್ ಒಂದೂ ಇರುವುದಿಲ್ಲ. ಹತ್ತು ಪ್ರಾಣಿಗಳನ್ನು ಆರಿಸಿಕೊಂಡು ಉಳಿದದ್ದಕ್ಕೆ ಬಾಗಿಲು ಮುಚ್ಚಿ. ನನ್ನ ಹತ್ತರಲ್ಲಿ ಕೆಲವನ್ನು ಪರಿಚಯಿಸುತ್ತೇನೆ.

ಕೊಲುಗೊವನ್ನು ಹಾರುವ ಲೀಮರ್ ಎಂದು ಕರೆಯುತ್ತಾರೆ. ಅದು ಹಾರುವುದಿಲ್ಲ, ತೇಲುತ್ತದೆ. ಲೀಮರ್ ಅಂತೂ ಅಲ್ಲವೇ ಅಲ್ಲ. ಕುತ್ತಿಗೆಯಿಂದ ಬಾಲದ ತುದಿಯವರೆಗೆ ಹರಡಿದ ಚರ್ಮವನ್ನು ಗಾಳಿಪಟದಂತೆ ಬಿಡಿಸಿಕೊಂಡು ಮರದಿಂದ ಮರಕ್ಕೆ ಜಾರುತ್ತದೆ. ಟಾರ್ಸಿಯರ್ ಅಂಗೈಯಲ್ಲಿ ಕೂರುವಷ್ಟು ಚಿಕ್ಕದು, ಅದರ ಒಂದೊಂದು ಕಣ್ಣೂ ಹೆಚ್ಚುಕಡಿಮೆ ಮಿದುಳಿನಷ್ಟೇ ದೊಡ್ಡದು. ಆ ಕಣ್ಣುಗಳು ಗೂಡಿನಲ್ಲಿ ಹೊರಳುವುದಿಲ್ಲವಾದ್ದರಿಂದ ಪಕ್ಕಕ್ಕೆ ನೋಡಲು ಕತ್ತನ್ನೇ ಗೂಬೆಯಂತೆ ತಿರುಗಿಸುತ್ತದೆ. ಸುಲಾವೆಸಿಯ ಬಾಬಿರುಸಾ ಕಾಡುಹಂದಿಯ ದೂರದ ನೆಂಟ. ಗಂಡಿನ ಮೇಲ್ದವಡೆಯ ಕೋರೆಗಳು ಮೂತಿಯ ಚರ್ಮವನ್ನೇ ಸೀಳಿಕೊಂಡು ಮೇಲಕ್ಕೆ ಬೆಳೆದು ಹಣೆಯ ಕಡೆಗೆ ಬಾಗುತ್ತವೆ. ಬೋರ್ನಿಯೊದ ಉದ್ದಮೂಗಿನ ಕೋತಿ, ಮಿಂಡೋರೊ ದ್ವೀಪದ ಪುಟ್ಟ ಕಾಡೆಮ್ಮೆ ತಮರಾವ್, ಕಾಂಬೋಡಿಯಾದ ಕಾಡೆತ್ತು ಕೌಪ್ರೆ, ವಿಯೆಟ್ನಾಂ–ಲಾವೋಸ್ ಗಡಿಬೆಟ್ಟಗಳ ಉದ್ದಕೊಂಬಿನ ಸಾವೊಲಾ, ಸುಂದಾ ಚಿಪ್ಪುಹಂದಿ, ಎರಡು ಕೊಂಬಿನ ಸುಮಾತ್ರಾ ಘೇಂಡಾಮೃಗ ಇವೂ ಇವೆ.

ನಿಮ್ಮ ಪಟ್ಟಿ ಬೇರೆಯೇ ಇರಲಿ. ಒಂದೇ ದ್ವೀಪದ ಪ್ರಾಣಿಗಳು, ರಾತ್ರಿ ಸಂಚರಿಸುವವು ಮಾತ್ರ, ಅಥವಾ ಟೇಪಿರ್ ಒಂದೇ ಎಂದರೂ ಆಗುತ್ತದೆ. ಬೇಲಿ ಎಷ್ಟು ಚಿಕ್ಕದೋ ಒಳಗಿನ ಹುಲ್ಲು ಅಷ್ಟು ಚೆನ್ನಾಗಿ ಕಾಣುತ್ತದೆ.

ಹೆಸರುಗಳ ಒಂದು ಪುಸ್ತಕ

ಚೀಟಿ ಕೊಳ್ಳುವ ಮೊದಲು ನೋಟ್‌ಬುಕ್ ಕೊಳ್ಳಿ. ಪ್ರತಿ ಪ್ರಾಣಿಗೂ ಒಂದು ಪುಟ ಬಿಟ್ಟು, ಮೇಲ್ಗಡೆ ಅದರ ಎಲ್ಲ ಹೆಸರುಗಳನ್ನೂ ಬರೆದಿಡಿ. ಸಾಮಾನ್ಯ ಹೆಸರು, ಸ್ಥಳೀಯ ಹೆಸರು, ವೈಜ್ಞಾನಿಕ ಹೆಸರು, ಹಳೆಯ ವೈಜ್ಞಾನಿಕ ಹೆಸರು, ಯಾವುದನ್ನೂ ಬಿಡಬೇಡಿ. ಮಾರಾಟಗಾರರು ಯಾವ ಹೆಸರಿನಲ್ಲಿ ಪಟ್ಟಿ ಮಾಡುತ್ತಾರೆಂದು ಹೇಳಲಾಗದು. ಬೇಕಾದ ಚೀಟಿ ಕಣ್ಣೆದುರಿದ್ದೂ ಸಿಗದೆ ಹೋಗುವುದು ಹೆಸರು ಗೊತ್ತಿಲ್ಲದ್ದರಿಂದಲೇ.

ಮಲಯ ಭಾಷೆಯ ಹೆಸರುಗಳು ಮೊದಲು ಬೇಕು. ಟೇಪಿರ್ ಅಲ್ಲಿ ತೆನುಕ್, ಚಿಪ್ಪುಹಂದಿ ತೆಂಗಿಲಿಂಗ್, ಘೇಂಡಾಮೃಗ ಬಡಕ್, ಕೊಲುಗೊ ಕುಬುಂಗ್. ನಾವು ಕೂರ ಎನ್ನುವ ಗಿಡ್ಡ ಜಿಂಕೆಯ ಬಳಗದ್ದು ಕಂಚಿಲ್. ಇಂಗ್ಲಿಷಿನ ಪ್ಯಾಂಗೊಲಿನ್ ಎಂಬುದೂ ‘ಸುತ್ತಿಕೊಳ್ಳುವುದು’ ಎಂಬರ್ಥದ ಮಲಯ ಮಾತಿನಿಂದ ಬಂದದ್ದು. ಬಾಬಿ ಎಂದರೆ ಹಂದಿ, ರುಸಾ ಎಂದರೆ ಜಿಂಕೆ; ಬಾಬಿರುಸಾ ಎಂದರೆ ಹಂದಿಜಿಂಕೆ. ಉದ್ದಮೂಗಿನ ಕೋತಿಗೆ ಇಂಡೊನೇಷ್ಯಾದಲ್ಲಿ ಬೆಕಾಂತಾನ್ ಎನ್ನುತ್ತಾರೆ. ಇನ್ನೊಂದು ಹೆಸರು ಮೊನ್ಯೆತ್ ಬೆಲಂದಾ, ಅಂದರೆ ಡಚ್ಚರ ಕೋತಿ. ದೊಡ್ಡ ಮೂಗು, ಮುಂದೆ ಬಂದ ಹೊಟ್ಟೆ, ಕೆಂಪು ಮೈಬಣ್ಣ ಕಂಡ ಜನ ತಮ್ಮನ್ನು ಆಳುತ್ತಿದ್ದವರ ನೆನಪಿನಲ್ಲಿ ಇಟ್ಟ ಹೆಸರು. ಥಾಯ್ ಭಾಷೆಯಲ್ಲಿ ಟೇಪಿರ್‌ಗೆ ಸೊಂಸೆತ್ ಎನ್ನುತ್ತಾರೆ. ‘ಬೆರಕೆ ಮುಗಿಯಿತು’ ಎಂದು ಅದನ್ನು ಬಿಡಿಸಿ, ಸೃಷ್ಟಿಯಲ್ಲಿ ಮಿಕ್ಕ ಚೂರುಪಾರುಗಳನ್ನೆಲ್ಲ ಸೇರಿಸಿ ಮಾಡಿದ ಪ್ರಾಣಿ ಎಂದು ಕಥೆ ಹೇಳುತ್ತಾರೆ.

ಇಂಡೊನೇಷ್ಯಾ ತನ್ನ ಕಾಗುಣಿತವನ್ನು 1972ರಲ್ಲಿ ತಿದ್ದಿಕೊಂಡಿತು. ಅದಕ್ಕೂ ಮೊದಲು ‘ಚ’ ಧ್ವನಿಯನ್ನು ರೋಮನ್ ಲಿಪಿಯ ಟಿ, ಜೆ ಎಂಬ ಎರಡು ಅಕ್ಷರ ಕೂಡಿಸಿ ಬರೆಯುತ್ತಿದ್ದರು, ಈಗ ಸಿ ಒಂದೇ ಸಾಕು. ಆದ್ದರಿಂದ ಹಳೆಯ ಕಾರ್ಡುಗಳನ್ನು ಹುಡುಕುವಾಗ ಕಂಚಿಲ್ ಅನ್ನು ಎರಡೂ ಬಗೆಯಲ್ಲಿ ಬರೆದು ಹುಡುಕಿ.

ವೈಜ್ಞಾನಿಕ ಹೆಸರುಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಸುಂದಾ ಕೊಲುಗೊ ಹಳೆಯ ಚೀಟಿ, ಕ್ಯಾಟಲಾಗುಗಳಲ್ಲಿ ಸೈನೊಸೆಫಾಲಸ್ ಕುಲದ್ದು, ಈಗ ಗ್ಯಾಲಿಯಾಪ್ಟೆರಸ್. ಫಿಲಿಪ್ಪೀನ್ಸ್‌ನ ಟಾರ್ಸಿಯರ್ ಅನ್ನು 2010ರಲ್ಲಿ ಟಾರ್ಸಿಯಸ್ ಕುಲದಿಂದ ಬೇರ್ಪಡಿಸಿ ಕಾರ್ಲಿಟೊ ಎಂಬ ಹೊಸ ಕುಲಕ್ಕೆ ಸೇರಿಸಿದರು. ಚೀಟಿಯ ಮೇಲಿನ ಹೆಸರು ಇಂದಿನ ಪುಸ್ತಕದ ಹೆಸರಿಗೆ ಹೊಂದದಿದ್ದರೆ ಅಚ್ಚಿನ ತಪ್ಪೆಂದು ಹಾರಿಬೀಳಬೇಡಿ. ಬಹಳ ಸಲ ಬದಲಾಗಿರುವುದು ಪುಸ್ತಕ.

ದೇಶದ ಹೆಸರು ಓದಲು ಕಲಿಯಿರಿ

ಪಿಲಿಪಿನಾಸ್ ಎಂದಿದ್ದರೆ ಫಿಲಿಪ್ಪೀನ್ಸ್, ಪೋಸ್ಟ್ಸ್ ಲಾವೊ ಎಂದಿದ್ದರೆ ಲಾವೋಸ್, ಇವು ಸುಲಭ. ತಲೆ ಕೆಡಿಸುವುದು ಕಾಂಬೋಡಿಯಾ. ರಾಜನ ಆಳ್ವಿಕೆಯಿದ್ದಾಗ ಒಂದು ಹೆಸರು, 1970ರ ಬಳಿಕ ಖ್ಮೇರ್ ಗಣರಾಜ್ಯ, ಆಮೇಲೆ ಕಂಪೂಚಿಯಾ, 1989ರಿಂದ ಸ್ಟೇಟ್ ಆಫ್ ಕಾಂಬೋಡಿಯಾ, 1993ರಿಂದ ಮತ್ತೆ ರಾಜಪ್ರಭುತ್ವ. ಬರಹವೂ ಹೆಚ್ಚಾಗಿ ಫ್ರೆಂಚ್‌ನಲ್ಲಿ. ಹೆಸರಿನ ಈ ಬದಲಾವಣೆಯನ್ನು ಒಮ್ಮೆ ಬಾಯಿಪಾಠ ಮಾಡಿಕೊಂಡರೆ ಇಸವಿ ಅಚ್ಚಾಗದ ಚೀಟಿಯ ಕಾಲವನ್ನೂ ಅಂದಾಜು ಮಾಡಬಹುದು. ಉತ್ತರ ಬೋರ್ನಿಯೊದ ಚೀಟಿಗಳು 1964ರಿಂದ ಸಬಾಹ್ ಎಂಬ ಹೊಸ ಹೆಸರನ್ನು ಮೇಲೆಯೇ ಅಚ್ಚೊತ್ತಿಸಿಕೊಂಡು ಬಂದವು. ಬರ್ಮಾ ಮ್ಯಾನ್ಮಾರ್ ಆದದ್ದು ನಿಮಗೆ ಗೊತ್ತೇ ಇದೆ.

ಎಲ್ಲಿಂದ ಶುರುಮಾಡುವುದು

ನನ್ನ ಸಲಹೆ: ಹಳೆಯ ಸಾಮಾನ್ಯ ಬಳಕೆಯ ಮಾಲೆಗಳಿಂದ. ವಿಶೇಷ ಸಂದರ್ಭಕ್ಕೆಂದು ಸಂಗ್ರಾಹಕರ ಮೇಲೆ ಕಣ್ಣಿಟ್ಟು ಅಚ್ಚು ಹಾಕಿದವುಗಳಿಗಿಂತ, ಜನ ನಾಲಿಗೆ ತಾಗಿಸಿ ಲಕೋಟೆಗೆ ಅಂಟಿಸಿದ ಚೀಟಿಗಳಲ್ಲಿ ಹೆಚ್ಚು ಜೀವವಿದೆ. ಸಾಮಾನ್ಯವಾಗಿ ಬೆಲೆಯೂ ಕಡಿಮೆ.

ಬೋರ್ನಿಯೊ ದ್ವೀಪದ್ದೇ ಆದ ಸಾರವಾಕ್‌ನ 1950ರ ಮಾಲೆಯನ್ನೇ ನೋಡಿ. ಎರಡು ಸೆಂಟಿಗೆ ಟಾರ್ಸಿಯರ್, ಹತ್ತು ಸೆಂಟಿಗೆ ಚಿಪ್ಪುಹಂದಿ, ಮೂಲೆಯಲ್ಲಿ ಬ್ರಿಟನ್ನಿನ ಆರನೆಯ ಜಾರ್ಜ್ ದೊರೆಯ ತಲೆ. ಸಾವಿರಾರು ಮೈಲಿ ದೂರದ ರಾಜನೊಬ್ಬ ಟಾರ್ಸಿಯರ್‌ನ ಪಕ್ಕದಲ್ಲಿ ಗಂಭೀರವಾಗಿ ಕುಳಿತಿರುವುದನ್ನು ಕಂಡು ನನಗೆ ಪ್ರತಿಸಲವೂ ನಗು ಬರುತ್ತದೆ. ಹತ್ತು ಸೆಂಟಿನ ಚಿಪ್ಪುಹಂದಿ ಬಹುಕಾಲ ಉಳಿಯಲಿಲ್ಲ. 1952ರಲ್ಲಿ ಅದರ ಜಾಗಕ್ಕೆ ಸಾರವಾಕ್ ನಕಾಶೆ ಬಂತು. ಇಂಡೊನೇಷ್ಯಾ 1956ರಿಂದ ತಂದ ಪ್ರಾಣಿಮಾಲೆಯಲ್ಲಿ ಕಂಚಿಲ್, ನೀರುನಾಯಿ, ಚಿಪ್ಪುಹಂದಿ, ಬಾಂಟೆಂಗ್ ಎಂಬ ಕಾಡುದನ, ಎರಡು ಕೊಂಬಿನ ಘೇಂಡಾಮೃಗ ಇವೆ. ಮಲೇಷ್ಯಾದ 1979ರ ಮಾಲೆಯಲ್ಲಿ ಹುಲಿಯ ಜೊತೆಗೇ ಕೊಲುಗೊ, ಕಂಚಿಲ್, ಚಿಪ್ಪುಹಂದಿ, ಟೇಪಿರ್, ಕಾಟಿ, ಒರಾಂಗುಟಾನ್ ಸಾಲುಗಟ್ಟಿ ನಿಂತಿವೆ. ಈ ಮೂರು ಮಾಲೆಗಳನ್ನು ಬಳಸಿದ ಚೀಟಿಗಳಲ್ಲಿ ಕೂಡಿಸುವುದು ಆರಂಭಕ್ಕೆ ಒಳ್ಳೆಯ ಅಭ್ಯಾಸ.

ಎರಡನೆಯ ಹೆಜ್ಜೆ ಪಾಂಡಾ ಗುರುತಿರುವ ಅಂಚೆಚೀಟಿಗಳು. ವಿಶ್ವ ವನ್ಯಜೀವಿ ನಿಧಿಯ ಚೀಟಿ ಯೋಜನೆ 1983ರಲ್ಲಿ ಶುರುವಾಯಿತು. ಒಂದು ದೇಶ, ಅಪಾಯದಲ್ಲಿರುವ ಒಂದು ಪ್ರಾಣಿ, ಸಾಮಾನ್ಯವಾಗಿ ನಾಲ್ಕು ಚೀಟಿ, ಪ್ರತಿಯೊಂದರಲ್ಲೂ ಪುಟ್ಟ ಪಾಂಡಾ. ಜೊತೆಗೆ ಚೀಟಿ ಹೊರಬಂದ ದಿನದ ಮುದ್ರೆಯಿರುವ ನಾಲ್ಕು ಪ್ರಥಮ ದಿನದ ಲಕೋಟೆ, ಅದೇ ಪ್ರಾಣಿಯ ಚಿತ್ರಕಾರ್ಡಿಗೆ ಚೀಟಿ ಅಂಟಿಸಿದ ನಾಲ್ಕು ಮ್ಯಾಕ್ಸಿಮಮ್ ಕಾರ್ಡು. ಇಂಡೊನೇಷ್ಯಾದ 1989ರ ಒರಾಂಗುಟಾನ್ ಈ ಬಗೆಯದು. ನಾನು ಹೆಚ್ಚು ಹೊತ್ತು ನೋಡುವುದು ಬೇರೆ ಎರಡನ್ನು.

ಒಂದು, ಕಂಪೂಚಿಯಾದ 1986ರ ಕೌಪ್ರೆ. ಪ್ಯಾರಿಸ್ಸಿನ ಮೃಗಾಲಯಕ್ಕೆ ತಂದಿದ್ದ ಎಳೆಯ ಗಂಡೊಂದನ್ನು ನೋಡಿ ಅಶೀಲ್ ಉರ್ಬೆನ್ 1937ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದ ಕಾಡೆತ್ತು ಇದು. ಕಾಂಬೋಡಿಯಾದ ರಾಷ್ಟ್ರಪ್ರಾಣಿ. ಈಗ ದಶಕಗಳಿಂದ ಯಾರೂ ಖಚಿತವಾಗಿ ಕಂಡಿಲ್ಲ. ಚೀಟಿ ಹೊರಬಂದ ಹೊತ್ತಿಗೇ ಅದು ಕಣ್ಮರೆಯ ಅಂಚಿಗೆ ಬಂದಿತ್ತು.

ಇನ್ನೊಂದು, ವಿಯೆಟ್ನಾಂ 2000ದಲ್ಲಿ ತಂದ ಸಾವೊಲಾ. ವು ಕ್ವಾಂಗ್ ಕಾಡಿನಂಚಿನ ಬೇಟೆಗಾರರ ಮನೆಗಳಲ್ಲಿ ಉದ್ದನೆಯ ನೇರ ಕೊಂಬುಗಳು ಕಣ್ಣಿಗೆ ಬಿದ್ದದ್ದು 1992ರಲ್ಲಿ. ಸಾವೊಲಾ ಎಂಬ ಹೆಸರಿಗೆ ನೂಲುವ ರಾಟೆಯ ಕಂಬಗಳು ಎಂದರ್ಥ, ಕೊಂಬುಗಳ ಆಕಾರ ಹಾಗಿದೆ. ಜೀವವಿಜ್ಞಾನಿಯೊಬ್ಬರು ಕಾಡಿನಲ್ಲಿ ಅದನ್ನು ಎದುರುಬದುರಾಗಿ ಕಂಡ ದಾಖಲೆ ಇಂದಿಗೂ ಇಲ್ಲ. ಸೆರೆಸಿಕ್ಕು ಕೆಲವೇ ದಿನ ಬದುಕಿದ ಬೆರಳೆಣಿಕೆಯ ಪ್ರಾಣಿಗಳು ಮತ್ತು ಸ್ವಯಂಚಾಲಿತ ಕ್ಯಾಮೆರಾಗಳು ಹಿಡಿದ ಕೆಲವು ಚಿತ್ರಗಳು, ನಮಗಿರುವ ಪರಿಚಯ ಅಷ್ಟೇ. ಹಾಗಿದ್ದರೆ ಆ ನಾಲ್ಕು ಚೀಟಿಗಳಲ್ಲಿ ಅದು ನಿಂತಿರುವ ಭಂಗಿ, ಸುತ್ತಲಿನ ಗಿಡಮರ ಎಲ್ಲಿಂದ ಬಂದವು? ಭೂತಗನ್ನಡಿ ಹಿಡಿದು ನೋಡುವಾಗ ಈ ಪ್ರಶ್ನೆ ಕೈಯಲ್ಲಿರಲಿ.

ಕೊಳ್ಳುವಾಗ ಕೇಳಬೇಕಾದ್ದು

ಚೀಟಿಯ ಸ್ಥಿತಿಗೆ ನಾಲ್ಕು ಮಾತುಗಳಿವೆ. ಬಳಸದ ಚೀಟಿಯ ಹಿಂಬದಿಯ ಗೋಂದು ಕೆಡದೆ, ಹಿಂಜ್ ಎಂಬ ಅಂಟುಕಾಗದದ ಚೂರು ತಾಗದೆ ಇದ್ದರೆ ಅನ್‌ಹಿಂಜ್ಡ್ ಮಿಂಟ್. ಆಲ್ಬಮ್ಮಿಗೆ ಅಂಟಿಸಿದ ಕಾಗದದ ಚೂರಿನ ಗುರುತಿದ್ದರೆ ಹಿಂಜ್ಡ್ ಮಿಂಟ್. ಅಂಚೆಯಲ್ಲಿ ನಿಜಕ್ಕೂ ಓಡಾಡಿದ್ದರೆ ಬಳಸಿದ್ದು. ನಾಲ್ಕನೆಯದು ಸಿಟಿಒ, ಅಂದರೆ ಕ್ಯಾನ್ಸಲ್ಡ್ ಟು ಆರ್ಡರ್. ಅಂಚೆ ಇಲಾಖೆಯೇ ಹಾಳೆಗಟ್ಟಲೆ ಮುದ್ರೆ ಒತ್ತಿ ಸಂಗ್ರಾಹಕರಿಗೆಂದು ಅಗ್ಗಕ್ಕೆ ಮಾರಿದ ಚೀಟಿ ಅದು. ಮುದ್ರೆ ಮೂಲೆಯಲ್ಲಿ ಅಚ್ಚುಕಟ್ಟಾಗಿ ಕೂತು, ಹಿಂದೆ ಗೋಂದು ಪೂರ್ತಿ ಉಳಿದಿದ್ದರೆ ಗುರುತು ಸಿಕ್ಕಿತೆಂದೇ ತಿಳಿಯಿರಿ. 1980ರ ದಶಕದಲ್ಲಿ ಕ್ಯೂಬಾದಲ್ಲಿ ಅಚ್ಚಾಗಿ ಬಂದ ಲಾವೋಸ್, ಕಂಪೂಚಿಯಾ ಪ್ರಾಣಿಚೀಟಿಗಳು ಮಾರುಕಟ್ಟೆಯಲ್ಲಿ ಹೆಚ್ಚಾಗಿ ಈ ರೂಪದಲ್ಲೇ ಸಿಗುತ್ತವೆ. ಮೊದಲೇ ಹೇಳಿದ ಟೇಪಿರ್‌ನದೂ ಇದೇ ಕಥೆ. ಉತ್ತರ ಬೋರ್ನಿಯೊವನ್ನು ಆಳುತ್ತಿದ್ದ ಖಾಸಗಿ ಕಂಪನಿ ಮಿಕ್ಕ ಚೀಟಿಗಳ ಮೇಲೆ ದಪ್ಪ ಪಟ್ಟೆಗಳ ಮುದ್ರೆ ಹೊಡೆದು ಮಾರಿಬಿಡುತ್ತಿತ್ತು. ಪಟ್ಟೆಮುದ್ರೆಯ ಟೇಪಿರ್‌ಗೂ ಊರು, ತಾರೀಖು ಓದಬಹುದಾದ ದುಂಡುಮುದ್ರೆಯ ಟೇಪಿರ್‌ಗೂ ಬೆಲೆಯಲ್ಲಿ ಅಜಗಜಾಂತರ.

ಸಿಟಿಒ ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಚಿತ್ರ ನೋಡಬೇಕಾದವರಿಗೆ ಅದೇ ಲಾಭ. ನಿಜವಾಗಿ ಬಳಸಿದ ಚೀಟಿಯ ಬೆಲೆ ಕೊಟ್ಟು ಸಿಟಿಒ ತರಬೇಡಿ, ಅಷ್ಟೇ. ನಾನು ಒಮ್ಮೆ ತಂದಿದ್ದೇನೆ. ಮಾರಾಟಗಾರರು ಕಳಿಸಿದ ಚಿತ್ರದಲ್ಲಿ ಮುಂಭಾಗ ಮಾತ್ರ ಇತ್ತು, ಹಿಂಭಾಗವನ್ನು ನಾನೂ ಕೇಳಿರಲಿಲ್ಲ. ಈಗ ಎರಡೂ ಬದಿಯ ಚಿತ್ರ ಬರದೆ ದುಡ್ಡು ಕಳಿಸುವುದಿಲ್ಲ.

ವಿಯೆಟ್ನಾಂನದು ಇನ್ನೊಂದು ಬಗೆ. ಉತ್ತರ ವಿಯೆಟ್ನಾಂ ಚೀಟಿಗಳಲ್ಲಿ ಬಹುಪಾಲು ಗೋಂದಿಲ್ಲದೆಯೇ ಅಚ್ಚಾದವು, ಅಂಚೆ ಕಚೇರಿಯಲ್ಲಿ ಅಂಟು ಹಚ್ಚಿಕೊಳ್ಳಬೇಕಿತ್ತು. ಅವುಗಳ ಹಿಂಭಾಗ ಬೋಳಾಗಿದ್ದರೆ ತೊಳೆದದ್ದೆಂದು ಸಂಶಯಪಡಬೇಕಾಗಿಲ್ಲ. ನುಣ್ಣನೆಯ ಗೋಂದು ಕಂಡರೇ ಎರಡು ಸಲ ಯೋಚಿಸಿ.

ಸ್ಟ್ಯಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಶೆಲ್, ಈವೆರ್ ಈ ನಾಲ್ಕರಲ್ಲಿ ಒಂದು ಕ್ಯಾಟಲಾಗಿನ ಸಂಖ್ಯೆಯನ್ನು ಹಿಡಿದು ನಡೆಯಿರಿ. ನಾಲ್ಕರ ಸಂಖ್ಯೆಗಳೂ ಬೇರೆಬೇರೆ, ಬೆರೆಸಿದರೆ ಗೋಜಲು. ಅದರಲ್ಲಿರುವ ಬೆಲೆ ವ್ಯಾಪಾರಿಯ ಅಂಗಡಿಯ ಲೆಕ್ಕ; ಸಾಮಾನ್ಯ ಚೀಟಿಗಳು ಅದಕ್ಕಿಂತ ಬಹಳ ಕೆಳಗೆ ಕೈಬದಲಾಗುತ್ತವೆ.

ಖೋಟಾ ಚೀಟಿಗಳಿಗಿಂತ ದೊಡ್ಡ ಕಾಟ ಅಕ್ರಮ ಚೀಟಿಗಳದು. ಯಾವುದೋ ದೇಶದ ಹೆಸರು ಹಾಕಿ, ಆ ದೇಶದ ಅಂಚೆ ಇಲಾಖೆಗೆ ಗೊತ್ತೇ ಇಲ್ಲದಂತೆ ಅಚ್ಚು ಹಾಕಿದ ಬಣ್ಣದ ಕಾಗದಗಳು ಅವು. ಮುದ್ದು ಪ್ರಾಣಿಗಳೆಂದರೆ ಅವರಿಗೂ ಪ್ರೀತಿ. 2002ರಿಂದೀಚಿನ ಚೀಟಿಯಾದರೆ ಅಧಿಕೃತ ಚೀಟಿಗಳನ್ನು ಪಟ್ಟಿಮಾಡುವ ವಿಶ್ವ ಅಂಚೆ ಒಕ್ಕೂಟದ ಡಬ್ಲ್ಯುಎನ್‌ಎಸ್ ದಾಖಲೆಯಲ್ಲಿ ಹುಡುಕಿ. ಅಲ್ಲಿದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಅಕ್ರಮವೆಂದೇ ಅಲ್ಲ, ಎಲ್ಲ ದೇಶಗಳೂ ಅದರಲ್ಲಿ ಸೇರಿಲ್ಲ. ಆಗ ಕ್ಯಾಟಲಾಗು ನೋಡಿ. ಟಾರ್ಸಿಯರ್ ಅನ್ನು ಕಂಡೇ ಇರದ ದೂರದ ದ್ವೀಪವೊಂದು ಅದರ ಮಿನಿಯೇಚರ್ ಶೀಟ್ ಎಂಬ ಪುಟ್ಟ ಚೀಟಿಹಾಳೆ ತಂದರೆ ಅದು ಕಾನೂನುಬದ್ಧವೇ ಇರಬಹುದು, ಆದರೂ ನಾನು ಕೊಳ್ಳುವುದಿಲ್ಲ. ಪ್ರಾಣಿ ಬದುಕಿರುವ ನಾಡಿನ ಚೀಟಿ ಮಾತ್ರ ಎಂಬುದು ನನ್ನ ಬೇಲಿ. ಬೋರ್ನಿಯೊದ ಟೇಪಿರ್‌ಗೆ ಒಂದು ವಿನಾಯಿತಿ ಕೊಟ್ಟುಕೊಂಡಿದ್ದೇನೆ.

ನೀರಿಗೆ ಹಾಕುವ ಮುನ್ನ

ಉಪಕರಣಗಳು ಹೆಚ್ಚು ಬೇಡ. ತುದಿ ಚಪ್ಪಟೆಯಾದ ಚಿಮುಟ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಎರಡು ಸೆಂಟಿಮೀಟರಿನಲ್ಲಿ ಎಷ್ಟು ರಂಧ್ರಗಳಿವೆಯೆಂದು ಅಳೆಯುವ ಪಟ್ಟಿ, ಚೀಟಿ ಸಿಕ್ಕಿಸಿಡುವ ಒಂದು ಸ್ಟಾಕ್‌ಬುಕ್, ಇಷ್ಟು ಸಾಕು. ಬೆರಳಿನ ಬೆವರು, ಎಣ್ಣೆ ಇಂದು ಕಾಣದು, ಹತ್ತು ವರ್ಷದ ಮೇಲೆ ಹಳದಿ ಕಲೆಯಾಗಿ ಕಾಣುತ್ತದೆ. ಆದ್ದರಿಂದ ಚಿಮುಟ ಬಿಟ್ಟು ಕೈಯಲ್ಲಿ ಮುಟ್ಟಬೇಡಿ.

ಲಕೋಟೆಯಿಂದ ಚೀಟಿ ಬಿಡಿಸಲು ಸುತ್ತ ಒಂದು ಬೆರಳಗಲ ಕಾಗದ ಬಿಟ್ಟು ಕತ್ತರಿಸಿ, ಉಗುರುಬೆಚ್ಚನೆಯ ನೀರಿನಲ್ಲಿ ಹಾಕಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಚೀಟಿ ತಾನಾಗಿ ಜಾರುತ್ತದೆ. ಜಾರದಿದ್ದರೆ ಕಾಯಿರಿ, ಎಳೆಯಬೇಡಿ. ಬೇರೆ ನೀರಿನಲ್ಲಿ ಒಮ್ಮೆ ಅದ್ದಿ ಗೋಂದು ಕಳೆದು, ಹೀರುಕಾಗದದ ಮೇಲೆ ಮುಖ ಕೆಳಗಾಗಿ ಒಣಗಿಸಿ, ಮರುದಿನ ದಪ್ಪ ಪುಸ್ತಕದ ನಡುವೆ ಒತ್ತಿಡಿ. ಬಣ್ಣದ ಲಕೋಟೆಯ ಚೂರುಗಳನ್ನು ಬೇರೆಯಾಗಿ, ತಣ್ಣೀರಿನಲ್ಲಿ, ಒಂದೊಂದಾಗಿ ಬಿಡಿಸಬೇಕು. ಕೆಂಪು ಲಕೋಟೆಯೊಂದನ್ನು ಉಳಿದವುಗಳ ಜೊತೆ ಹಾಕಿ, ಬಟ್ಟಲಿನಲ್ಲಿದ್ದ ಹನ್ನೆರಡು ಚೀಟಿಗಳನ್ನೂ ಗುಲಾಬಿ ಮಾಡಿದ ಸಾಹಸ ನನ್ನದು. ಗುಲಾಬಿ ಬೆನ್ನಿನ ಆ ಟೇಪಿರ್ ಅನ್ನು ಇನ್ನೂ ಎಸೆದಿಲ್ಲ.

ಸ್ವಯಂ ಅಂಟುವ ಹೊಸ ಚೀಟಿಗಳು ಹಲವು ಸಲ ನೀರಿಗೆ ಬಗ್ಗುವುದಿಲ್ಲ. ಅವನ್ನು ಕಾಗದದ ಸಮೇತ ಕತ್ತರಿಸಿ ಇಟ್ಟುಕೊಳ್ಳಿ. ವಿಳಾಸ, ಮುದ್ರೆ, ದಾರಿಯ ಗುರುತುಗಳೆಲ್ಲ ಸ್ಪಷ್ಟವಾಗಿರುವ ಹಳೆಯ ಲಕೋಟೆ ಸಿಕ್ಕರೆ ಕತ್ತರಿಯನ್ನು ಕೆಳಗಿಡಿ. ಚೀಟಿಗಿಂತ ಪೂರ್ತಿ ಲಕೋಟೆ ಎಷ್ಟೋ ಪಾಲು ಮೇಲು.

ಚಿತ್ರಕಾರ್ಡುಗಳ ಲೋಕ

ಕಾರ್ಡಿನ ಶಿಸ್ತೇ ಬೇರೆ. ಚೀಟಿಗೆ ಕ್ಯಾಟಲಾಗಿದೆ, ಕಾರ್ಡಿಗೆ ಹೆಚ್ಚಾಗಿ ಇಲ್ಲ. ಯಾರು, ಎಲ್ಲಿ, ಎಷ್ಟು ಅಚ್ಚು ಹಾಕಿದರೆಂದು ಕಾರ್ಡೇ ಹೇಳಬೇಕು. ಅದಕ್ಕೆ ಮೊದಲು ಹಿಂಭಾಗ ನೋಡಿ. ವಿಳಾಸಕ್ಕೂ ಸಂದೇಶಕ್ಕೂ ನಡುವೆ ಗೆರೆ ಎಳೆದು ಎರಡು ಭಾಗ ಮಾಡುವ ಪದ್ಧತಿಯನ್ನು ಬ್ರಿಟನ್ 1902ರಲ್ಲಿ ಶುರುಮಾಡಿತು, ಮುಂದಿನ ಕೆಲವು ವರ್ಷಗಳಲ್ಲಿ ಉಳಿದ ದೇಶಗಳು ಹಿಂಬಾಲಿಸಿದವು. ಗೆರೆಯಿಲ್ಲದ ಕಾರ್ಡಿನಲ್ಲಿ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಬರೆಯಬೇಕಾದ್ದನ್ನು ಚಿತ್ರದ ಬದಿಯ ಖಾಲಿ ಜಾಗದಲ್ಲೇ ತುರುಕುತ್ತಿದ್ದರು. ಟೇಪಿರ್‌ನ ಹೊಟ್ಟೆಯ ಕೆಳಗೆ ಕುಶಲೋಪರಿ ಬರೆದ ಕಾರ್ಡು ಸಿಕ್ಕರೆ ಅದು ಆ ಕಾಲದ್ದು.

ಮುಂದೆ ಭೂತಗನ್ನಡಿ ಹಿಡಿಯಿರಿ. ಸಣ್ಣ ಚುಕ್ಕೆಗಳ ಜಾಲ ಕಂಡರೆ ಮುದ್ರಣಯಂತ್ರದ ಕಾರ್ಡು. ಚುಕ್ಕೆಯೇ ಇಲ್ಲದೆ ಬೂದುಬಣ್ಣ ನಯವಾಗಿ ಹರಡಿದ್ದರೆ ನಿಜವಾದ ಫೋಟೊ ಕಾಗದದ ಮೇಲೆ ತೊಳೆದು ತೆಗೆದದ್ದು. ಎರಡನೆಯ ಬಗೆ ಕಡಿಮೆ ಸಂಖ್ಯೆಯಲ್ಲಿ ಬಂದಿರುವುದರಿಂದ ಬೆಲೆ ಹೆಚ್ಚು. ಚಿತ್ರದಲ್ಲಿ ಸರಳುಗಳು, ಸಿಮೆಂಟಿನ ನೆಲ, ಕಾವಲುಗಾರನ ಟೋಪಿ ಏನಾದರೂ ಇದೆಯೇ ನೋಡಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಆಗ್ನೇಯ ಏಷ್ಯಾ ಪ್ರಾಣಿಗಳ ಕಾರ್ಡುಗಳಲ್ಲಿ ದೊಡ್ಡ ಪಾಲು ಯುರೋಪಿನ ಮೃಗಾಲಯಗಳವು. ಅಂಥ ಕಾರ್ಡನ್ನು ಬೋರ್ನಿಯೊದ ಪುಟದಲ್ಲಿ ಇಡಬೇಕೋ, ಲಂಡನ್ನಿನ ಪುಟದಲ್ಲೋ? ನಾನು ಪ್ರಾಣಿಯ ಪುಟದಲ್ಲಿಟ್ಟು, ಕೆಳಗೆ ಅದು ಬದುಕಿದ್ದ ಊರನ್ನು ಬರೆಯುತ್ತೇನೆ.

ಹೊಸ ಕಾರ್ಡುಗಳಿಗೆ ಪೋಸ್ಟ್‌ಕ್ರಾಸಿಂಗ್ ಒಂದು ಒಳ್ಳೆಯ ದಾರಿ. ಪೋರ್ಚುಗಲ್ಲಿನ ಪಾವ್ಲೊ ಮಗಲ್ಯಾಯಿಸ್ 2005ರಲ್ಲಿ ಶುರುಮಾಡಿದ ವ್ಯವಸ್ಥೆ ಇದು. ನೀವು ಗುರುತಿಲ್ಲದ ಒಬ್ಬರಿಗೆ ಕಾರ್ಡು ಕಳಿಸುತ್ತೀರಿ, ಅದು ತಲುಪಿದ ಮೇಲೆ ಗುರುತಿಲ್ಲದ ಇನ್ನೊಬ್ಬರಿಂದ ನಿಮಗೊಂದು ಬರುತ್ತದೆ. ನಿಮ್ಮ ಪರಿಚಯದಲ್ಲಿ ‘ಪ್ರಾಣಿಗಳು ಇಷ್ಟ’ ಎಂದು ಬರೆದರೆ ಬೆಕ್ಕುಗಳು ಬರುತ್ತವೆ. ‘ಟೇಪಿರ್, ಬಿಂಟುರಾಂಗ್, ಕೊಲುಗೊ’ ಎಂದು ಹೆಸರಿಸಿ ಬರೆಯಿರಿ. ಕೊಲುಗೊ ಎಂದರೇನೆಂದು ಹುಡುಕಿ ನೋಡಿ, ಕಾರ್ಡು ಸಿಗದೆ ತಾವೇ ಪೆನ್ಸಿಲ್‌ನಲ್ಲಿ ಬರೆದು ಕಳಿಸುವವರೂ ಇದ್ದಾರೆ.

ಚೀಟಿ, ಕಾರ್ಡು ಎರಡೂ ಸೇರುವ ಜಾಗ ಮ್ಯಾಕ್ಸಿಮಮ್ ಕಾರ್ಡು. ಕಾರ್ಡಿನ ಚಿತ್ರದ ಬದಿಯಲ್ಲೇ ಅದೇ ವಿಷಯದ ಚೀಟಿ ಅಂಟಿಸಿ, ಅದಕ್ಕೆ ಸಂಬಂಧಪಟ್ಟ ಊರಿನ ಮುದ್ರೆ ಒತ್ತಿಸಬೇಕು. ವಿಷಯ, ಸ್ಥಳ, ಕಾಲ ಮೂರೂ ಹೊಂದಬೇಕು ಎಂಬುದು ನಿಯಮ. ಫಿಲಿಪ್ಪೀನ್ಸ್‌ನ ಟಾರ್ಸಿಯರ್ ಚೀಟಿ, ಟಾರ್ಸಿಯರ್ ಚಿತ್ರದ ಕಾರ್ಡು, ಅದು ವಾಸಿಸುವ ಬೊಹೋಲ್ ದ್ವೀಪದ ಅಂಚೆ ಕಚೇರಿಯ ಮುದ್ರೆ, ಅದೂ ಚೀಟಿ ಚಾಲ್ತಿಯಲ್ಲಿರುವಾಗಲೇ. ರಾಜಧಾನಿಯ ಮುದ್ರೆ ಒತ್ತಿಸುವುದು ಸುಲಭ, ಆದರೆ ಅದರಲ್ಲಿ ಸ್ವಾರಸ್ಯವಿಲ್ಲ. ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿ ಅಚ್ಚು ಹಾಕಿದ ಕಾರ್ಡನ್ನು ಪ್ರದರ್ಶನದ ತೀರ್ಪುಗಾರರು ಮೆಚ್ಚುವುದಿಲ್ಲ. ಮೊದಲೇ ಇದ್ದ ಫೋಟೊ ಕಾರ್ಡಾದರೆ ಒಳ್ಳೆಯದು. ಆ ಊರಿನಲ್ಲಿ ಪರಿಚಯದವರಿದ್ದರೆ ಚೀಟಿ ಅಂಟಿಸಿದ ಕಾರ್ಡನ್ನು ಲಕೋಟೆಯಲ್ಲಿಟ್ಟು ಕಳಿಸಿ, ಮುದ್ರೆ ಎಲ್ಲಿ ಬೀಳಬೇಕೆಂದು ಪುಟ್ಟ ಚಿತ್ರ ಬರೆದು ತೋರಿಸಿ.

ಇಡುವುದು

ಮೆತ್ತಗಿನ ಪಿವಿಸಿ ಹಾಳೆಗಳು ಕಾಲಕ್ರಮೇಣ ಎಣ್ಣೆ ಬಿಟ್ಟು ಬಣ್ಣವನ್ನು ಎತ್ತಿಕೊಳ್ಳುತ್ತವೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಎಂದು ಬರೆದಿರುವುದನ್ನೇ ಕೊಳ್ಳಿ. ಬಿಸಿಲು ಬೇಡ, ತೇವವಂತೂ ಬೇಡವೇ ಬೇಡ. ಕಂದು ಚುಕ್ಕೆ ಬಂದ ಚೀಟಿಯನ್ನು ಉಳಿದವುಗಳಿಂದ ಬೇರೆಯಿಡಿ. ಸ್ಟಾಕ್‌ಬುಕ್ಕುಗಳನ್ನು ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿ, ವರ್ಷದಲ್ಲಿ ಕೆಲವು ಸಲ ತೆರೆದು ಗಾಳಿಯಾಡಿಸಿ. ಚೀಟಿಗಳಿಗೆ ಒಳ್ಳೆಯದು, ನಿಮಗೂ ಒಮ್ಮೆ ನೋಡಿದಂತಾಗುತ್ತದೆ.

ಪುಟ ಬರೆಯುವುದು

ಚೀಟಿಯನ್ನು ಆಲ್ಬಮ್ಮಿನ ಜೇಬಿನಲ್ಲಿಟ್ಟು ಮುಚ್ಚಿದರೆ ಅರ್ಧ ಕೆಲಸವಾಯಿತು. ಅದರ ಕೆಳಗೆ ಮೂರು ನಾಲ್ಕು ಸಾಲು ಬರೆಯಿರಿ. ದೇಶ, ಇಸವಿ, ಕ್ಯಾಟಲಾಗು ಸಂಖ್ಯೆ ಒಂದು ಸಾಲು. ಪ್ರಾಣಿಯ ಹೆಸರು, ಚೀಟಿಯ ಮೇಲಿರುವಂತೆ ಮತ್ತು ಇಂದಿನಂತೆ, ಇನ್ನೊಂದು ಸಾಲು. ಮೂರನೆಯದು ಚಿತ್ರದಲ್ಲಿ ನೀವು ಕಂಡದ್ದು: ಕೊಲುಗೊದ ಚರ್ಮ ಬಾಲದ ತುದಿಯವರೆಗೂ ಇದೆಯೇ, ಅಥವಾ ಚಿತ್ರಕಾರ ಅದನ್ನು ಹಾರುವ ಅಳಿಲು ಮಾಡಿಬಿಟ್ಟಿದ್ದಾನೆಯೇ? ಚಿಪ್ಪುಹಂದಿ ಸುಂದಾದ್ದೋ, ಎಲ್ಲಿಂದಲೋ ಎರವಲು ತಂದ ಬೇರೆಯದ್ದೋ? ಬಾಬಿರುಸಾದ ಮೇಲ್ಕೋರೆ ಮೂತಿಯ ಚರ್ಮದಿಂದ ಹೊರಟಿದೆಯೋ, ಬಾಯಿಯಿಂದಲೋ?

ನಾಲ್ಕನೆಯ ಸಾಲು ಆ ಪ್ರಾಣಿಯ ಇಂದಿನ ಸ್ಥಿತಿ. ಟೇಪಿರ್ ಇರುವ 1909ರ ಅದೇ ಮಾಲೆಯಲ್ಲಿ ಸುಮಾತ್ರಾ ಘೇಂಡಾಮೃಗದ ಚೀಟಿಯೂ ಇದೆ. ಟೇಪಿರ್‌ನಂತಲ್ಲ, ಅದು ಉತ್ತರ ಬೋರ್ನಿಯೊದ್ದೇ ಪ್ರಾಣಿ. ಅದರ ಕೆಳಗಿನ ನಾಲ್ಕನೆಯ ಸಾಲನ್ನು ನಾನು 2019ರ ನವೆಂಬರ್‌ನಲ್ಲಿ ತಿದ್ದಬೇಕಾಯಿತು. ಮಲೇಷ್ಯಾದಲ್ಲಿ ಉಳಿದಿದ್ದ ಕೊನೆಯ ಸುಮಾತ್ರಾ ಘೇಂಡಾಮೃಗ, ಇಮಾನ್ ಎಂಬ ಹೆಣ್ಣು, ಆ ತಿಂಗಳು ಸಬಾಹ್‌ನಲ್ಲಿ ಸತ್ತಿತು. ಚೀಟಿ ಅಚ್ಚಾದಾಗ ಆ ನೆಲದ ಹೆಸರು ಉತ್ತರ ಬೋರ್ನಿಯೊ.

ಹಾಗಾಗಿ ಪುಟಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಸಾಲುಗಳ ಕೆಳಗೆ ಒಂದಿಷ್ಟು ಜಾಗ ಬಿಡಿ. ಸಾವೊಲಾದ ಪುಟದಲ್ಲಿ ನಾನು ಅರ್ಧ ಹಾಳೆಯನ್ನೇ ಖಾಲಿ ಬಿಟ್ಟಿದ್ದೇನೆ.